ಆಲ್ಬಾಟ್ರೋಸ್ ಡಿ-3: ಧುಮುಕಿದಾಗ ಕೆಳಗಿನ ರೆಕ್ಕೆ ಮುರಿಯುವ ದೋಷ ಮತ್ತು ಅದರ ಪತ್ತೆ

ದೂರು

ವಿಮಾನ ಮಟ್ಟವಾಗಿ ಹಾರುವಾಗ ಏನೂ ತೊಂದರೆ ಇಲ್ಲ. ಮೇಲೇರುವಾಗ ಚೆನ್ನಾಗಿದೆ, ತಿರುಗುವಾಗಲೂ ಚೆನ್ನಾಗಿದೆ. ಮೂಗು ಕೆಳಗೆ ಮಾಡಿ ಜೋರಾಗಿ ಧುಮುಕಿದಾಗ ಮಾತ್ರ ಕೆಳಗಿನ ರೆಕ್ಕೆ ನಡುಗುತ್ತದೆ. ಅದರ ಮುಂದಿನ ಅಂಚು ಬಿರುಕು ಬಿಡುತ್ತದೆ. ಕೆಲವು ಸಲ ಒಳಗಿನ ತೊಲೆಯೇ ಮುರಿಯುತ್ತದೆ. ಅದೇ ರೆಕ್ಕೆಯನ್ನು ನೆಲದ ಮೇಲೆ ಪರೀಕ್ಷೆ ಮಾಡಿದರೆ ಬೇಕಾದಷ್ಟು ಭಾರ ತಡೆಯುತ್ತದೆ.

ಮೊದಲ ಮಹಾಯುದ್ಧದಲ್ಲಿ, 1917ರ ಜನವರಿಯಲ್ಲಿ, ಪಶ್ಚಿಮ ರಂಗದ ಜರ್ಮನ್ ಪೈಲಟ್‌ಗಳ ಮುಂದೆ ನಿಂತ ದೋಷ ಇದು. ಅವರು ಹಾರಿಸುತ್ತಿದ್ದ ಫೈಟರ್ ವಿಮಾನವೇ ಆಲ್ಬಾಟ್ರೋಸ್ ಡಿ-3. ಇದನ್ನು ಈಗ ಬಿಚ್ಚಿ ನೋಡಲು ಎರಡು ಕಾರಣ ಇವೆ. ಈ ವಿಮಾನದ ಮಾದರಿ ಕಟ್ಟಿ ರೇಡಿಯೊ ಕಂಟ್ರೋಲ್‌ನಲ್ಲಿ ಹಾರಿಸುವವರಿಗೆ ಇದೇ ದೋಷ ಇವತ್ತಿಗೂ ಎದುರಾಗಬಹುದು. ಇನ್ನೊಂದು, ರಿಪೇರಿ ಕೆಲಸ ಮಾಡುವ ಯಾರೇ ಆಗಲಿ, ತಪ್ಪು ಕಾರಣ ಹಿಡಿದು ಸರಿಯಾದ ಜಾಗ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಮೊದಲು ಯಂತ್ರವನ್ನು ತಿಳಿಯಿರಿ

1915ರಲ್ಲಿ ಫೋಕರ್ ಕಂಪನಿಯ ಒಂಟಿ ರೆಕ್ಕೆಯ ವಿಮಾನ ಜರ್ಮನಿಗೆ ಆಕಾಶದಲ್ಲಿ ಮೇಲುಗೈ ಕೊಟ್ಟಿತ್ತು. ತಿರುಗುವ ಪ್ರೊಪೆಲ್ಲರ್‌ನ ಅಲಗುಗಳ ನಡುವೆಯೇ ಗುಂಡು ಹಾರಿಸುವ ವ್ಯವಸ್ಥೆ ಅದರಲ್ಲಿತ್ತು. 1916ರ ಹೊತ್ತಿಗೆ ಫ್ರೆಂಚರ ನ್ಯೂಪೋರ್ಟ್, ಬ್ರಿಟಿಷರ ಡಿ.ಎಚ್.2 ಬಂದು ಆ ಮೇಲುಗೈ ಮುಗಿಯಿತು. ಆಗ ಬರ್ಲಿನ್ ಹತ್ತಿರದ ಯೋಹಾನಿಸ್ಟಾಲ್‌ನ ಆಲ್ಬಾಟ್ರೋಸ್ ಕಾರ್ಖಾನೆಯಲ್ಲಿ ರಾಬರ್ಟ್ ಥೆಲೆನ್ ಮತ್ತು ಅವರ ಜೊತೆಗಾರರು ಹೊಸ ದಾರಿ ಹಿಡಿದರು. ಒಂದರ ಮೇಲೊಂದು ಜೋಡಿ ರೆಕ್ಕೆ, 160 ಅಶ್ವಶಕ್ತಿಯ ಆರು ಸಿಲಿಂಡರ್ ಮರ್ಸಿಡಿಸ್ ಎಂಜಿನ್, ನೀರಿನ ಕೂಲಿಂಗ್, ಎದುರಿಗೆ ಒಂದಲ್ಲ ಎರಡು ಮಶಿನ್ ಗನ್. ಒಡಲು ಪ್ಲೈವುಡ್‌ನದು. ಆ ಪ್ಲೈವುಡ್ ಹೊದಿಕೆಯೇ ಒಂದಷ್ಟು ಭಾರ ಹೊರುತ್ತಿತ್ತು, ಹಾಗಾಗಿ ಒಳಗೆ ತಂತಿಗಳ ಜಾಲ ಬೇಕಿರಲಿಲ್ಲ.

ಇದೇ ಡಿ-1. ಹಗುರವಾದ ವಿಮಾನಗಳಷ್ಟು ಚುರುಕಾಗಿ ತಿರುಗುತ್ತಿರಲಿಲ್ಲ. ಆದರೆ ವೇಗ, ಏರುವ ಶಕ್ತಿ, ಗುಂಡಿನ ಬಲ ಮೂರೂ ಜಾಸ್ತಿ. 1916ರ ಸೆಪ್ಟೆಂಬರ್‌ನಲ್ಲಿ ಓಸ್ವಾಲ್ಡ್ ಬೋಲ್ಕೆ ನಡೆಸುತ್ತಿದ್ದ ಯಾಸ್ಟಾ 2 ಎಂಬ ಫೈಟರ್ ಪಡೆಗೆ ಡಿ-1 ಮತ್ತು ಡಿ-2 ವಿಮಾನಗಳು ಬಂದವು. ಸೆಪ್ಟೆಂಬರ್ 17ರಂದು ಆ ಪಡೆಯ ಹೊಸ ಹುಡುಗ ಮ್ಯಾನ್‌ಫ್ರೆಡ್ ಫಾನ್ ರಿಖ್ತೋಫೆನ್ ತನ್ನ ಮೊದಲ ವಿಮಾನ ಉರುಳಿಸಿದರು. ನವೆಂಬರ್ 23ರಂದು ಅವರು ಡಿ-2ರಲ್ಲಿ ಹಾರುತ್ತಾ, ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಬ್ರಿಟಿಷ್ ಪೈಲಟ್ ಲ್ಯಾನೋ ಹಾಕರ್ ಅವರನ್ನು ಹೊಡೆದು ಉರುಳಿಸಿದರು.

ಬೇಗ ಸರಿಹೋದ ದೋಷಗಳು

ಪೈಲಟ್‌ಗೆ ಮೇಲೆ, ಮುಂದೆ ಸರಿಯಾಗಿ ಕಾಣುತ್ತಿಲ್ಲ ಎಂಬುದು ಡಿ-1ರ ಮೊದಲ ದೂರು. ಪೈಲಟ್ ಸೀಟಿನಲ್ಲಿ ಕೂತು ನೋಡಿದರೆ ಕಾರಣ ಸಿಕ್ಕಿಬಿಡುತ್ತದೆ. ಮೇಲಿನ ರೆಕ್ಕೆ ಎತ್ತರದಲ್ಲಿತ್ತು, ಅದನ್ನು ಹೊತ್ತ ಕಂಬಗಳು ನೇರ ಕಣ್ಣಿಗೆ ಅಡ್ಡ ಬರುತ್ತಿದ್ದವು. ಡಿ-2ರಲ್ಲಿ ರೆಕ್ಕೆಯನ್ನು ಒಡಲಿನ ಹತ್ತಿರಕ್ಕೆ ಇಳಿಸಿ, ಕಂಬಗಳನ್ನು ಪಕ್ಕಕ್ಕೆ ಅಗಲಿಸಿದರು. ದೂರು ಅಲ್ಲಿಗೆ ಮುಗಿಯಿತು.

ಕೂಲಿಂಗ್ ವಿಷಯ ಸ್ವಲ್ಪ ಸುತ್ತಾಟದ್ದು. ಮೊದಲು ಒಡಲಿನ ಎರಡು ಪಕ್ಕಕ್ಕೆ ಕಿವಿಗಳ ಹಾಗೆ ರೇಡಿಯೇಟರ್ ಇದ್ದವು. ಅವು ಎಂಜಿನ್‌ಗಿಂತ ಕೆಳಗಿದ್ದವು. ಒಂದಕ್ಕೆ ಗುಂಡು ತಗುಲಿದರೂ ಎಂಜಿನ್‌ನ ನೀರೆಲ್ಲ ಸೋರಿ ಹೋಗುತ್ತಿತ್ತು. ಹಾಗಾಗಿ ರೇಡಿಯೇಟರನ್ನು ಮೇಲಿನ ರೆಕ್ಕೆಯ ನಡುವೆ ಹುದುಗಿಸಿದರು. ಈಗ ಅದು ಪೈಲಟ್ ತಲೆಯ ನೇರಕ್ಕೆ ಬಂತು. ತೂತಾದರೆ ಕುದಿಯುವ ನೀರು ಮುಖದ ಮೇಲೆ! ಡಿ-3ರ ಮೊದಲ ವಿಮಾನಗಳೂ ಹೀಗೇ ಇದ್ದವು. ಆಮೇಲೆ ರೇಡಿಯೇಟರನ್ನು ಬಲಕ್ಕೆ ಸರಿಸಿದರು. ಮೊದಲೇ ರಂಗಕ್ಕೆ ಹೋಗಿದ್ದ ಎಷ್ಟೋ ವಿಮಾನಗಳಲ್ಲಿ ಅಲ್ಲೇ ಈ ಬದಲಾವಣೆ ಮಾಡಿದರು. ಪ್ಯಾಲೆಸ್ಟೈನ್‌ಗೆ ಹೋದ ವಿಮಾನಗಳಿಗೆ ಸೆಕೆ ತಡೆಯಲು ಎರಡು ರೇಡಿಯೇಟರ್ ಹಾಕಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹೈಫಾ ಊರನ್ನು ಗೆದ್ದದ್ದು ಇದೇ ರಂಗದಲ್ಲಿ.

ಈ ಎರಡೂ ದೋಷಗಳಲ್ಲಿ ಒಂದು ಅನುಕೂಲ ಇತ್ತು. ಕಾರಣ ಕಣ್ಣಿಗೆ ಕಾಣುತ್ತಿತ್ತು. ರೆಕ್ಕೆಯ ದೋಷದಲ್ಲಿ ಆ ಅನುಕೂಲ ಇರಲಿಲ್ಲ.

ದೋಷ ಯಾವಾಗ ಹುಟ್ಟಿತು?

ಇದು ನಾನು ಯಾವ ಯಂತ್ರಕ್ಕಾದರೂ ಕೇಳುವ ಮೊದಲ ಪ್ರಶ್ನೆ. ಮೊದಲು ಸರಿ ಇದ್ದದ್ದು ಕೆಟ್ಟಿದೆ ಎಂದರೆ, ನಡುವೆ ಏನು ಬದಲಾಯಿತು?

ಡಿ-2ರಲ್ಲಿ ಎರಡೂ ರೆಕ್ಕೆಗಳು ಹೆಚ್ಚುಕಡಿಮೆ ಒಂದೇ ಅಗಲ. ಪ್ರತಿ ರೆಕ್ಕೆಯ ಒಳಗೆ ಉದ್ದಕ್ಕೂ ಎರಡು ತೊಲೆಗಳು, ಮುಂದೊಂದು ಹಿಂದೊಂದು. ಇವುಗಳನ್ನು ಸ್ಪಾರ್ ಎನ್ನುತ್ತಾರೆ. ಮೇಲಿನ ಮತ್ತು ಕೆಳಗಿನ ರೆಕ್ಕೆಗಳನ್ನು ಸೇರಿಸಲು ಪ್ರತಿ ಬದಿಗೆ ಎರಡು ಕಂಬ. ಇಂಥ ರೆಕ್ಕೆಯನ್ನು ಹಿಡಿದು ತಿರುಚಲು ನೋಡಿದರೆ ಮುಂದಿನ ತೊಲೆ ಮೇಲೆ ಹೋಗಬೇಕು, ಹಿಂದಿನದು ಕೆಳಗೆ ಬರಬೇಕು. ಎರಡನ್ನೂ ಕಂಬಗಳು ಬಿಗಿಯಾಗಿ ಹಿಡಿದಿರುತ್ತವೆ. ಹಾಗಾಗಿ ತಿರುಚುವುದು ಕಷ್ಟ.

ಅಷ್ಟರಲ್ಲಿ ಜರ್ಮನ್ ವಾಯುದಳದ ತಾಂತ್ರಿಕ ವಿಭಾಗ ಇಡ್‌ಫ್ಲೀಗ್ ಫ್ರೆಂಚರ ನ್ಯೂಪೋರ್ಟ್ ನೋಡಿ ಮೆಚ್ಚಿತ್ತು. ಅದು ಒಂದೂವರೆ ರೆಕ್ಕೆಯ ವಿಮಾನ ಎನ್ನಬಹುದು. ಮೇಲಿನ ರೆಕ್ಕೆ ದೊಡ್ಡದು, ಕೆಳಗಿನದು ತೀರಾ ಕಿರಿದು. ಪೈಲಟ್‌ಗೆ ಕೆಳಗೆ ಚೆನ್ನಾಗಿ ಕಾಣುತ್ತದೆ, ವಿಮಾನ ಚೆನ್ನಾಗಿ ಏರುತ್ತದೆ. ಆಲ್ಬಾಟ್ರೋಸ್ ಕೂಡ ಹಾಗೇ ಮಾಡಬೇಕು ಎಂದು ಇಡ್‌ಫ್ಲೀಗ್ ಕೇಳಿತು. ಡಿ-3 ಹುಟ್ಟಿದ್ದು ಹೀಗೆ. ಒಡಲು, ಎಂಜಿನ್, ಗನ್ ಎಲ್ಲ ಬಹುತೇಕ ಹಳೆಯವೇ. ಕೆಳಗಿನ ರೆಕ್ಕೆ ಮಾತ್ರ ಕಿರಿದಾಯಿತು. ಅದರೊಳಗೆ ಈಗ ಒಂದೇ ಮುಖ್ಯ ತೊಲೆ. ಎರಡು ಕಂಬದ ಬದಲು ‘ವಿ’ ಆಕಾರದ ಕಂಬ. ಆ ‘ವಿ’ಯ ಕೆಳತುದಿ ಒಂದೇ ಜಾಗದಲ್ಲಿ, ಆ ಒಂದೇ ತೊಲೆಗೆ ಬಂದು ಸೇರುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಕಂಬ ರೆಕ್ಕೆ ಮೇಲೆ ಕೆಳಗೆ ಹೋಗುವುದನ್ನು ತಡೆಯುತ್ತದೆ. ಆದರೆ ತೊಲೆಯ ಸುತ್ತ ರೆಕ್ಕೆ ತಿರುಚಿಕೊಂಡರೆ ಅದನ್ನು ತಡೆಯಲು ಏನಿದೆ? ಒಂದು ತೆಳ್ಳನೆಯ ತೊಲೆ, ಮೇಲೆ ಬಟ್ಟೆ ಹೊದಿಕೆ, ಅಷ್ಟೇ.

ಘಟನೆಗಳನ್ನು ವಿಂಗಡಿಸಿ

ಡಿ-3 1916ರ ಡಿಸೆಂಬರ್‌ನಲ್ಲಿ ರಂಗಕ್ಕೆ ಬಂತು. 1917ರ ಜನವರಿ 23ರಂದು ಯಾಸ್ಟಾ 6ರ ಒಬ್ಬ ಪೈಲಟ್‌ನ ಬಲಗಡೆಯ ಕೆಳರೆಕ್ಕೆಯ ತೊಲೆ ಮುರಿಯಿತು. ಮಾರನೇ ದಿನವೇ ರಿಖ್ತೋಫೆನ್ ಅವರ ಹೊಸ ಡಿ-3ರ ಕೆಳರೆಕ್ಕೆ ಹಾರಾಟದಲ್ಲೇ ಬಿರುಕು ಬಿಟ್ಟಿತು. ಅವರು ಹೇಗೋ ನೆಲ ಮುಟ್ಟಿದರು. ಜನವರಿ 27ಕ್ಕೆ ಎಲ್ಲ ಡಿ-3ಗಳನ್ನೂ ಹಾರಿಸಬೇಡಿ ಎಂದು ಆಜ್ಞೆ ಬಂತು. ರೆಕ್ಕೆ ಸರಿಯಾಗುವವರೆಗೆ ಹಳೆಯ ಡಿ-2 ಮತ್ತು ಹಾಲ್ಬರ್‌ಸ್ಟಾಟ್ ವಿಮಾನಗಳೇ ಗತಿ.

ಪತ್ತೆ ಕೆಲಸದಲ್ಲಿ ಯಾವ ಘಟನೆ ಈ ಪಟ್ಟಿಗೆ ಸೇರುವುದಿಲ್ಲ ಎಂದು ನೋಡುವುದೂ ಮುಖ್ಯ. ಬೋಲ್ಕೆ ಸತ್ತದ್ದೂ ಆಲ್ಬಾಟ್ರೋಸ್‌ನ ರೆಕ್ಕೆ ಕಿತ್ತುಹೋಗಿಯೇ, 1916ರ ಅಕ್ಟೋಬರ್ 28ರಂದು. ಅದನ್ನು ಇಲ್ಲಿ ಸೇರಿಸಬೇಡಿ. ಅವರದು ಎರಡು ತೊಲೆಯ ಡಿ-2. ಗೆಳೆಯ ಎರ್ವಿನ್ ಬೋಮೆಯ ವಿಮಾನದ ಚಕ್ರ ಅವರ ಮೇಲಿನ ರೆಕ್ಕೆಗೆ ಡಿಕ್ಕಿ ಹೊಡೆದು ಆದ ದುರಂತ ಅದು. ಅತ್ತ ನ್ಯೂಪೋರ್ಟ್ 17ರ ಕೆಳರೆಕ್ಕೆ ಮುರಿದ ಘಟನೆಗಳನ್ನು ಸೇರಿಸಲೇಬೇಕು. ಕಂಪನಿ ಬೇರೆ, ದೇಶ ಬೇರೆ, ಕೆಲಸಗಾರರು ಬೇರೆ, ಆದರೂ ಅದೇ ಜಾಗ ಮುರಿಯುತ್ತಿದೆ! ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಸುಳಿವು ಇದೇ.

ಯಾರ ಮೇಲೆ ಅನುಮಾನ?

ಆಗ ಎಲ್ಲರೂ ಬೊಟ್ಟು ಮಾಡಿದ್ದು ಯೋಹಾನಿಸ್ಟಾಲ್ ಕಾರ್ಖಾನೆಯ ಕಡೆಗೆ. ಕೆಟ್ಟ ಮರ, ಕಳಪೆ ಕೆಲಸ ಎಂದರು. ಯುದ್ಧಕಾಲ, ಅವಸರದ ಉತ್ಪಾದನೆ, ಹಾಗಾಗಿ ಈ ಅನುಮಾನ ಸಹಜ. ಆದರೆ ಅದನ್ನು ಸುಳಿವುಗಳ ಎದುರು ಇಟ್ಟು ನೋಡಿ. ಅದೇ ಕಾರ್ಖಾನೆಯ ಡಿ-2ರಲ್ಲಿ ಈ ಕಾಟ ಇರಲಿಲ್ಲ. ಮರ ಕೆಟ್ಟಿದ್ದರೆ ಮೇಲಿನ ರೆಕ್ಕೆಯೂ ಅಷ್ಟೇ ಮುರಿಯಬೇಕಿತ್ತು. ಫ್ರಾನ್ಸ್‌ನಲ್ಲಿ ಕಟ್ಟಿದ ನ್ಯೂಪೋರ್ಟ್‌ಗೂ ಅದೇ ರೋಗ ಯಾಕೆ ಬಂತು?

ಪೈಲಟ್ ವಿಮಾನವನ್ನು ಅತಿಯಾಗಿ ಎಳೆದಾಡಿದ ಎನ್ನೋಣವೇ? ಹಾಗಾಗಿದ್ದರೆ ಬಿಗಿಯಾದ ತಿರುವಿನಲ್ಲೂ ಮುರಿಯಬೇಕು. ರೆಕ್ಕೆಯ ಮೇಲೆ ಭಾರ ಜಾಸ್ತಿ ಬೀಳುವುದು ಅಲ್ಲೇ ಅಲ್ವಾ? ದೂರಿನಲ್ಲಿ ಮತ್ತೆ ಮತ್ತೆ ಬರುವ ಮಾತು ಧುಮುಕುವುದು. ಅಂದರೆ ಭಾರಕ್ಕಿಂತ ವೇಗದ ಮೇಲೆ ಕಣ್ಣಿಡಬೇಕು.

ಇನ್ನು ರೆಕ್ಕೆಯ ಶಕ್ತಿ. ಆ ಕಾಲದಲ್ಲಿ ಇದನ್ನು ನೋಡುತ್ತಿದ್ದ ರೀತಿ ಸರಳ. ವಿಮಾನವನ್ನು ತಲೆಕೆಳಗು ಮಾಡಿ, ರೆಕ್ಕೆಗಳ ಮೇಲೆ ಮರಳಿನ ಚೀಲ ಹೇರುತ್ತಾ ಹೋಗುವುದು. ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಬರೆದುಕೊಳ್ಳುವುದು. ಡಿ-3ರ ಕೆಳರೆಕ್ಕೆ ನೆಲದ ಪರೀಕ್ಷೆಯಲ್ಲಿ ಸಾಕಷ್ಟು ಗಟ್ಟಿಯಾಗಿತ್ತು.

ಎಲ್ಲರೂ ಎಡವಿದ್ದು ಇಲ್ಲಿ. ರೆಕ್ಕೆ ಸ್ವಲ್ಪ ತಿರುಚಿಕೊಂಡರೆ ಮರಳಿನ ಚೀಲದ ತೂಕ ಹೆಚ್ಚಾಗುವುದಿಲ್ಲ. ಗಾಳಿಯ ಒತ್ತಡ ಹೆಚ್ಚಾಗುತ್ತದೆ.

ನಿಜವಾದ ಕಾರಣ

ರೆಕ್ಕೆಯ ಮೂತಿ, ಅಂದರೆ ಮುಂದಿನ ಅಂಚು, ಒಂದಿಷ್ಟು ಮೇಲೆದ್ದಾಗ ಹುಟ್ಟುವ ಹೆಚ್ಚುವರಿ ಎತ್ತುವ ಬಲ ಎಲ್ಲಿ ಕೆಲಸ ಮಾಡುತ್ತದೆ? ಮುಂದಿನ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಅಗಲದ ಸುಮಾರು ಕಾಲು ಭಾಗದ ಹತ್ತಿರ. ತೊಲೆ ಅದಕ್ಕಿಂತ ಹಿಂದೆ ಇದ್ದರೆ ಆ ಬಲ ತೊಲೆಯ ಮುಂದೆ ಬಿದ್ದು ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ಮೂತಿ ಎದ್ದಷ್ಟೂ ಬಲ ಹೆಚ್ಚು, ಬಲ ಹೆಚ್ಚಿದಷ್ಟೂ ಮೂತಿ ಮೇಲೆ. ಇದನ್ನು ತಡೆಯುವುದು ತಿರುಚುವಿಕೆಗೆ ರೆಕ್ಕೆ ಒಡ್ಡುವ ಬಿಗಿತ ಒಂದೇ.

ಬಿಗಿತ ವೇಗದ ಜೊತೆ ಬದಲಾಗುವುದಿಲ್ಲ. ಗಾಳಿಯ ಬಲ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 160 ಕಿ.ಮೀ. ಇದ್ದ ವೇಗ ಧುಮುಕುವಾಗ 240 ಆದರೆ, ವೇಗ ಒಂದೂವರೆ ಪಟ್ಟು, ತಿರುಚುವ ಬಲ ಎರಡೂಕಾಲು ಪಟ್ಟು. ಒಂದು ವೇಗ ದಾಟಿದ ಮೇಲೆ ಗಾಳಿ ಗೆಲ್ಲುತ್ತದೆ. ಆಮೇಲೆ ರೆಕ್ಕೆ ತಿರುಚುತ್ತಲೇ ಹೋಗುತ್ತದೆ. ಎಂಜಿನಿಯರ್‌ಗಳು ಇದನ್ನು ಡೈವರ್ಜೆನ್ಸ್ ಎನ್ನುತ್ತಾರೆ. ಡಿ-3ರ ಕೆಳರೆಕ್ಕೆಯಲ್ಲಿ ತೊಲೆ ತೀರಾ ಹಿಂದೆ ಇತ್ತು ಎಂಬುದು ಆಮೇಲೆ ತಿಳಿದುಬಂದ ಸಂಗತಿ. ಇಂಥ ತಿರುಚುವಿಕೆಯ ಲೆಕ್ಕವನ್ನು ಹಾನ್ಸ್ ರೈಸ್ನರ್ ಪ್ರಕಟಿಸಿದ್ದು 1926ರಲ್ಲಿ. 1917ರ ಎಂಜಿನಿಯರ್‌ಗಳ ಕೈಯಲ್ಲಿ ಈ ಲೆಕ್ಕ ಇರಲಿಲ್ಲ. ಅವರನ್ನು ಬೈಯುವ ಮೊದಲು ಇದನ್ನು ನೆನಪಿಡಬೇಕು.

ಮನೆಯಲ್ಲೇ ನೋಡಬೇಕಾ? ಎರಡು ತೆಳ್ಳನೆ ರಟ್ಟಿನ ಪಟ್ಟಿ, ಎರಡು ಬಿದಿರಿನ ಕಡ್ಡಿ, ಒಂದು ಟೇಬಲ್ ಫ್ಯಾನ್ ಸಾಕು. ಒಂದು ಪಟ್ಟಿಗೆ ಕಡ್ಡಿಯನ್ನು ಮುಂದಿನ ಅಂಚಿಗೆ ತೀರಾ ಹತ್ತಿರ ಅಂಟಿಸಿ. ಇನ್ನೊಂದಕ್ಕೆ ಸರಿಯಾಗಿ ನಡುವೆ ಅಂಟಿಸಿ. ಕಡ್ಡಿಯನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ಪಟ್ಟಿಯ ಅಂಚನ್ನು ಗಾಳಿಗೆ ಒಡ್ಡಿ. ಮೊದಲನೆಯದು ಗಾಳಿಯ ಜೊತೆ ನೆಟ್ಟಗೆ ನಿಲ್ಲುತ್ತದೆ. ಎರಡನೆಯದು ಸ್ವಲ್ಪ ಅಲುಗಿದರೂ ಸಾಕು, ಕೈಯಲ್ಲೇ ತಿರುಗಿಬಿಡುತ್ತದೆ. ಇನ್ನು ಎರಡನೆಯದಕ್ಕೆ ದಪ್ಪ ಕಡ್ಡಿ ಹಾಕಿ, ಅದೇ ಜಾಗದಲ್ಲಿ, ಅಷ್ಟೇ ಸಡಿಲವಾಗಿ ಹಿಡಿದು ನೋಡಿ. ಮತ್ತೆ ತಿರುಗುತ್ತದೆ. ಕಡ್ಡಿಯ ಜಾಗ ಬದಲಾಗದೆ, ಹಿಡಿತ ಬಿಗಿಯಾಗದೆ ಫಲ ಇಲ್ಲ.

ನ್ಯೂಪೋರ್ಟ್‌ನಿಂದ ನಕಲು ಮಾಡುವಾಗ ಇನ್ನೊಂದು ಅಂಶ ತಪ್ಪಿತು. ನ್ಯೂಪೋರ್ಟ್ 17 ಹಾರಲು ಸಿದ್ಧವಾದಾಗ ಸುಮಾರು 560 ಕೆ.ಜಿ. ತೂಗುತ್ತಿತ್ತು. ಡಿ-3 ಸುಮಾರು 885 ಕೆ.ಜಿ. ಭಾರವಾದ ವಿಮಾನ ಧುಮುಕುವಾಗ ಬೇಗ ವೇಗ ಹಿಡಿಯುತ್ತದೆ. ಹಗುರ ವಿಮಾನದಲ್ಲೇ ಅಂಚಿನಲ್ಲಿದ್ದ ವಿನ್ಯಾಸವನ್ನು ಭಾರದ ವಿಮಾನಕ್ಕೆ ತಂದರು.

ಮಾಡಿದ ರಿಪೇರಿಗಳು, ಅವುಗಳ ಫಲ

ಮೊದಲ ರಿಪೇರಿ: ಕೆಳರೆಕ್ಕೆಯನ್ನು ಗಟ್ಟಿ ಮಾಡುವುದು. 1917ರ ಫೆಬ್ರವರಿ 19ಕ್ಕೆ ಹಾರಾಟದ ನಿಷೇಧ ತೆಗೆದರು. ಈ ವಿಮಾನಗಳೇ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ಅರಾಸ್ ಊರಿನ ಮೇಲಿನ ಆಕಾಶವನ್ನು ಆಳಿದವು. ಆ ಒಂದು ತಿಂಗಳಲ್ಲಿ ಬ್ರಿಟಿಷರು 245 ವಿಮಾನ ಕಳೆದುಕೊಂಡರು. ಅವರು ಇಂದಿಗೂ ಅದನ್ನು ರಕ್ತದ ಏಪ್ರಿಲ್ ಎಂದೇ ಕರೆಯುತ್ತಾರೆ. ಆದರೆ ತೊಲೆ ಇದ್ದಲ್ಲೇ ಇತ್ತು. ರೆಕ್ಕೆ ಮುರಿಯುವುದು ಪೂರ್ತಿ ನಿಲ್ಲಲಿಲ್ಲ. ಕಡಿದಾಗಿ, ಬಹಳ ಹೊತ್ತು ಧುಮುಕಬೇಡಿ ಎಂದು ಪೈಲಟ್‌ಗಳಿಗೆ ಹೇಳಿದರು. ಇದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ. ದೋಷವನ್ನು ಪೈಲಟ್‌ನ ತಲೆಗೆ ದಾಟಿಸಿದ ಹಾಗೆ. ಗೆಲುವು ಬಂದಾಗ ದೋಷದ ಪತ್ತೆ ಹಿಂದೆ ಸರಿಯುತ್ತದೆ, ಇಲ್ಲೂ ಹಾಗೇ ಆಗಿರಬೇಕು ಅನ್ನಿಸುತ್ತದೆ.

ಎರಡನೇ ಪ್ರಯತ್ನ: ಹೊಸ ಮಾದರಿ. 1917ರ ಮೇ ತಿಂಗಳಲ್ಲಿ ಡಿ-5 ಬಂತು. ಒಡಲು ಮೊಟ್ಟೆಯಂತೆ ದುಂಡಾಯಿತು, ತೂಕ ಕಡಿಮೆಯಾಯಿತು. ಕೆಳರೆಕ್ಕೆಯ ವಿನ್ಯಾಸ ಮಾತ್ರ ಅದೇ. ದೋಷವೂ ಅದೇ, ಇನ್ನೂ ಜೋರಾಗಿ. ಮೇಲಿನ ರೆಕ್ಕೆಯ ಹೊರ ತುದಿಗಳೂ ಈಗ ತೊಂದರೆ ಕೊಟ್ಟವು. ಒರಟಾಗಿ ಇಳಿದರೆ ಒಡಲು ಬಿರುಕು ಬಿಡುತ್ತಿತ್ತು. ಅತ್ತ ಬ್ರಿಟಿಷರ ಎಸ್.ಇ.5, ಫ್ರೆಂಚರ ಸ್ಪ್ಯಾಡ್ ವಿಮಾನಗಳು ಬಂದಿದ್ದವು. ಧುಮುಕುವುದೇ ಅವುಗಳ ಬಲ. ಅವು ಮೇಲಿನಿಂದ ಬಿದ್ದು ಹೊಡೆದು ಕೆಳಗೆ ಜಾರಿಕೊಂಡರೆ ಆಲ್ಬಾಟ್ರೋಸ್ ಹಿಂಬಾಲಿಸುವ ಹಾಗಿರಲಿಲ್ಲ. ಆ ಬೇಸಿಗೆಯಲ್ಲಿ ರಿಖ್ತೋಫೆನ್ ತಮ್ಮ ಪತ್ರದಲ್ಲಿ ಈ ವಿಮಾನವನ್ನು ಕಟುವಾಗಿ ಟೀಕಿಸಿದರು.

ಮೂರನೆಯದು: ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಡಿ-5ಎ. ತೊಲೆಯನ್ನೂ, ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳನ್ನೂ ದಪ್ಪ ಮಾಡಿದರು, ತೂಕ ಏರಿತು. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಸಣ್ಣ ಕೋಲು. ‘ವಿ’ ಕಂಬದ ಕೆಳಭಾಗದಿಂದ ಓರೆಯಾಗಿ ಹೊರಟು ಕೆಳರೆಕ್ಕೆಯ ಮುಂದಿನ ಅಂಚನ್ನು ಹಿಡಿಯುವ ಕೋಲು ಅದು. ಕೊನೆಗೂ ಯಾರೋ ಮೂತಿ ಏಳುವುದನ್ನು ತಡೆಯಬೇಕು ಎಂದು ಯೋಚಿಸಿದ್ದರು! ಡಿ-5ರ ಕೆಲವು ವಿಮಾನಗಳಿಗೂ ಅದನ್ನು ಆಮೇಲೆ ಜೋಡಿಸಿದರು. ಫಲ ಅರ್ಧಂಬರ್ಧ. ಧುಮುಕುವ ಮಿತಿ ಉಳಿದೇ ಉಳಿಯಿತು. ಕೋಲು ಹಿಡಿದದ್ದು ಒಂದು ಜಾಗವನ್ನು, ರೆಕ್ಕೆಯ ಉಳಿದ ಉದ್ದ ಹಾಗೇ ಇತ್ತು. ಡಿ-5 ಮತ್ತು ಡಿ-5ಎ ಸೇರಿ ಸುಮಾರು 2,500 ವಿಮಾನ ಹೀಗೇ ತಯಾರಾದವು.

ದೋಷವನ್ನು ಸರಿಯಾಗಿ ಹಿಡಿದವರು ಆಸ್ಟ್ರಿಯಾದವರು. ವೀನರ್ ನ್ಯೂಸ್ಟಾಟ್ ಊರಿನ ಓಫಾಗ್ ಕಂಪನಿ ಡಿ-3ರ ಲೈಸೆನ್ಸ್ ಪಡೆದಿತ್ತು. ಜರ್ಮನಿಯಲ್ಲಿ ರೆಕ್ಕೆ ಮುರಿದ ಸುದ್ದಿ ಅವರಿಗೆ ಮುಟ್ಟಿತ್ತು. ಹಾಗಾಗಿ ಕೆಳರೆಕ್ಕೆಯ ಅಡ್ಡಪಟ್ಟಿಗಳನ್ನೂ ತೊಲೆಯ ಮೇಲ್ಪಟ್ಟಿ ಕೆಳಪಟ್ಟಿಗಳನ್ನೂ ದಪ್ಪ ಮಾಡಿ, ಇತರ ಸಣ್ಣಪುಟ್ಟ ಸುಧಾರಣೆ ಸೇರಿಸಿ ಕಟ್ಟಿದರು. 1917ರ ಮೇ ತಿಂಗಳಿಂದ ಈ ವಿಮಾನಗಳು ಹೊರಬಂದವು. 185, 200, ಕೊನೆಗೆ 225 ಅಶ್ವಶಕ್ತಿಯ ಆಸ್ಟ್ರೋ-ಡೈಮ್ಲರ್ ಎಂಜಿನ್ ಹಾಕಿದರು. ಜರ್ಮನ್ ವಿಮಾನಕ್ಕಿಂತ ಹೆಚ್ಚು ಶಕ್ತಿಯ ಎಂಜಿನ್ ಇದ್ದೂ ರೆಕ್ಕೆಯ ಕಾಟ ಬಹುಮಟ್ಟಿಗೆ ನಿಂತಿತು. 1918ರ ಫೆಬ್ರವರಿ 1ರಂದು ಆಸ್ಟ್ರಿಯಾ ಕಡೆಯ ಪೈಲಟ್ ಗಾಡ್ವಿನ್ ಬ್ರುಮೊವ್‌ಸ್ಕಿ 26 ಗುಂಡು ತಗುಲಿ, ಬೆಂಕಿ ಹತ್ತಿದ ತಮ್ಮ ಓಫಾಗ್ ವಿಮಾನವನ್ನು ಜೀವಸಹಿತ ನೆಲಕ್ಕಿಳಿಸಿದರು. ಯುದ್ಧ ಮುಗಿದ ಮೇಲೆ ಪೋಲೆಂಡ್ ಈ ಬಗೆಯ ವಿಮಾನಗಳನ್ನು ಕೊಂಡು, 1920ರಲ್ಲಿ ಸೋವಿಯತ್ ಸೇನೆಯ ಮೇಲೆ ನೆಲದ ದಾಳಿಗೆ ಬಳಸಿತು.

ಹಾಗಾದರೆ ದಪ್ಪ ಮಾಡುವುದೇ ಪರಿಹಾರ ಆಯಿತಲ್ಲ ಎಂದು ಕೇಳಬಹುದು. ಜರ್ಮನರು ಅಲ್ಲಲ್ಲಿ ಗಟ್ಟಿ ಮಾಡುತ್ತಾ ಹೋದರು. ಓಫಾಗ್‌ನವರು ಇಡೀ ರೆಕ್ಕೆಯನ್ನು ಒಂದೇ ಸಲ, ಕಟ್ಟುವ ಮೊದಲೇ ಬಿಗಿ ಮಾಡಿದರು. ಬಿಗಿತ ಸಾಕಷ್ಟು ಏರಿದರೆ ರೆಕ್ಕೆ ಕೈಕೊಡುವ ವೇಗ ಮೇಲಕ್ಕೆ ಹೋಗುತ್ತದೆ. ವಿಮಾನ ಧುಮುಕಿ ಮುಟ್ಟುವ ವೇಗಕ್ಕಿಂತ ಅದು ಮೇಲಿದ್ದರೆ ಪೈಲಟ್‌ಗೆ ದೋಷ ಕಾಣುವುದೇ ಇಲ್ಲ.

ಮಾದರಿ ಕಟ್ಟುವವರಿಗೆ

ಹಾರುವ ಮಾದರಿಗೆ ಡಿ-3 ಅಥವಾ ಡಿ-5 ಆರಿಸಿದ್ದರೆ ಬಟ್ಟೆ ಹೊದಿಸುವ ಮೊದಲೇ ಈ ಪರೀಕ್ಷೆ ಮಾಡಿ. ವಿಮಾನವನ್ನು ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಕೆಳರೆಕ್ಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮುಂದಿನ ಅಂಚು ಮೇಲೆ, ಹಿಂದಿನದು ಕೆಳಗೆ ಆಗುವ ಹಾಗೆ ನಿಧಾನವಾಗಿ ತಿರುಚಿ. ಸುಲಭವಾಗಿ ತಿರುಗಿದರೆ ಗಾಳಿಯೂ ಅದನ್ನೇ ಮಾಡುತ್ತದೆ. ಮೇಲೆ ಭಾರ ಇಟ್ಟು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಮುಂದಿನ ಅಂಚಿನಿಂದ ತೊಲೆಯವರೆಗೆ ಮೇಲೂ ಕೆಳಗೂ ಬಾಲ್ಸಾ ಎಂಬ ಹಗುರ ಮರದ ತೆಳ್ಳನೆ ಹಾಳೆ ಅಂಟಿಸಿ ಮುಚ್ಚಿದ ಪೆಟ್ಟಿಗೆ ಮಾಡಿದರೆ ಬಿಗಿತ ಬಹಳ ಏರುತ್ತದೆ, ತೂಕ ಅಷ್ಟೇನೂ ಏರುವುದಿಲ್ಲ. ನಕ್ಷೆಯಲ್ಲಿ ತೊಲೆ ಹಿಂದಿದ್ದರೆ ಮುಂದಕ್ಕೆ ತನ್ನಿ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಡಿ-5ಎ ಕಟ್ಟುತ್ತಿದ್ದರೆ ಆ ಓರೆ ಕೋಲನ್ನು ಸುಮ್ನೆ ಅಲಂಕಾರಕ್ಕೆ ಅಂಟಿಸಬೇಡಿ. ಎರಡೂ ತುದಿಯನ್ನು ಗಟ್ಟಿಯಾಗಿ ಕೂರಿಸಿ, ನಿಜವಾಗಿ ಬಲ ಹೊರುವ ಹಾಗೆ ಮಾಡಿ. ಅದರ ಸರಿಯಾದ ಆಕಾರ, ಜಾಗ ನೋಡಬೇಕಿದ್ದರೆ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಒಂದು, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ಯುದ್ಧ ಸ್ಮಾರಕದಲ್ಲಿ ಇನ್ನೊಂದು ಅಸಲಿ ಡಿ-5ಎ ಉಳಿದಿವೆ. ಅವುಗಳ ಹತ್ತಿರದ ಫೋಟೊ ಹುಡುಕಿ, ‘ವಿ’ ಕಂಬದ ಬುಡವನ್ನು ದೊಡ್ಡದು ಮಾಡಿ ನೋಡಿ.

ಮೊದಲ ಹಾರಾಟಗಳಲ್ಲಿ ಎಂಜಿನ್‌ಗೆ ಪೂರ್ತಿ ವೇಗ ಕೊಟ್ಟು ಧುಮುಕಿಸಬೇಡಿ. ವೇಗವನ್ನು ಹಂತ ಹಂತವಾಗಿ ಏರಿಸಿ. ಪ್ರತಿ ಸಲ ಇಳಿಸಿದ ಮೇಲೆ ಕೆಳರೆಕ್ಕೆಯ ಮುಂದಿನ ಅಂಚಿನ ಬಟ್ಟೆ ನೋಡಿ. ಓರೆಯಾದ ಸುಕ್ಕು ಕಂಡರೆ ರೆಕ್ಕೆ ತಿರುಚಿಕೊಂಡಿರಬಹುದು. ಆವತ್ತು ಮತ್ತೆ ಹಾರಿಸಬೇಡಿ, ಬಟ್ಟೆ ಬಿಚ್ಚಿ ತೊಲೆ ನೋಡಿ.